ಹತ್ತಿಯ ಹೇನು, ವಾಮಿನ ಹೇನು

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಗಿಡದ ಮೇಲೆ ಕೂತ ಹೇನು ಯಾವ ಜಾತಿಯದು ಎಂದು ನಿಮ್ಮನ್ನು ಯಾರೂ ಕೇಳುವುದಿಲ್ಲ. ಯಾವ ಔಷಧ ಹೊಡೆಯಬೇಕು ಎಂದು ಕೇಳುತ್ತಾರೆ. ರೈತ ಕೇಳುವುದೂ ಅದನ್ನೇ, ಅಂಗಡಿಯವನು ಕೇಳುವುದೂ ಅದನ್ನೇ, ನಿಮ್ಮ ಮೇಲಧಿಕಾರಿ ಕೇಳುವುದೂ ಅದನ್ನೇ. ನನ್ನ ಇಡೀ ಸೇವೆಯಲ್ಲಿ ಜಾತಿ ಯಾವುದೆಂದು ಕೇಳಿಕೊಂಡು ಬಾಗಿಲಿಗೆ ಬಂದ ರೈತ ಹೆಂಗಸು ಒಬ್ಬಳೇ. ಆಕೆಗೆ ಸರಿಯಾದ ಉತ್ತರವನ್ನೇ ಕೊಟ್ಟೆ. ಅದರಿಂದ ಆಕೆಗೂ ಒಳ್ಳೆಯದಾಗಲಿಲ್ಲ, ನನಗೂ ಆಗಲಿಲ್ಲ.

ತೆಲುಗು ಸೀಮೆಯ ಆದೋನಿಯ ಹೊರಗೆ ಕಪ್ಪು ನೆಲದ ನಡುವೆ ಇದ್ದ ಒಂದು ಸಣ್ಣ ಸಂಶೋಧನಾ ಕೇಂದ್ರದ ಕೀಟ ವಿಭಾಗದಲ್ಲಿ ನಾನು ಸಹಾಯಕಿಯಾಗಿದ್ದೆ. ನಮ್ಮದು ಹತ್ತಿ ದಲಾಲಿ ಮನೆತನ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಅಪ್ಪನ ಅಂಗಡಿಯಲ್ಲಿ ಎರಡೂ ಕಲಸಿದ್ದು. ಹುಳ ಹಿಡಿಯುವ ನೌಕರಿಗೆ ಸೇರುತ್ತೇನೆ ಎಂದಾಗ ಅಪ್ಪ, "ನಮ್ಮ ಹತ್ತಿಗೆ ಬೀಳೋ ಹುಳ ಆದ್ರೂ ಹಿಡಿ ಮತ್ತ" ಎಂದು ನಕ್ಕಿದ್ದರು. ಕೇಂದ್ರದಲ್ಲಿಯೂ ಎಲ್ಲರ ಕಣ್ಣು ಹತ್ತಿಯ ಮೇಲೆಯೇ. ನನ್ನ ಪಾಲಿಗೆ ಬಂದದ್ದು ಯಾರಿಗೂ ಬೇಡವಾದ ಬೆಳೆಗಳು: ಕೊತ್ತಂಬರಿ, ಸೋಂಪು, ಗಜ್ಜರಿ, ಮತ್ತು ನಮ್ಮ ಕಡೆ ವಾಮು ಎಂದು ಕರೆಯುವ ಓಮ. ಹೂವು ಬಿಟ್ಟಾಗ ಇವೆಲ್ಲ ಸಣ್ಣ ಸಣ್ಣ ಛತ್ರಿ ಬಿಡಿಸಿದ ಹಾಗೆ ಕಾಣುತ್ತವೆ. ಎಲ್ಲವೂ ಒಂದೇ ಕುಟುಂಬದವು. ಆಲೂರು ಸುತ್ತಿನ ಹೊಲಗಳಲ್ಲಿ ಮಳೆ ಹಿಂದೆ ಸರಿಯುವ ಕಾಲಕ್ಕೆ ವಾಮು ಹಾಕುತ್ತಾರೆ. ಚಳಿ ಬಿದ್ದು ಹೂವು ತುಂಬುವಾಗ ಹೇನು ಬರುತ್ತದೆ. ತಲೆಯ ಹೇನಲ್ಲ, ಗಿಡದ ರಸ ಹೀರುವ, ಸಾಸಿವೆಕಾಳಿಗೂ ಚಿಕ್ಕದಾದ ಮೆತ್ತನೆಯ ಹುಳ. ಅದರಿಂದ ಗಿಡವೆಲ್ಲ ಅಂಟಂಟಾಗುತ್ತದೆ. ಅದಕ್ಕೇ ಜನ ಕನ್ನಡದಲ್ಲಿ ಜಿಗಿ ಎನ್ನುತ್ತಾರೆ, ತೆಲುಗಿನಲ್ಲಿ ಪೇನುಬಂಕ ಎನ್ನುತ್ತಾರೆ, ಸಿಟ್ಟು ಬಂದರೆ ಎರಡನ್ನೂ ಒಂದೇ ಉಸಿರಿನಲ್ಲಿ ಎನ್ನುತ್ತಾರೆ.

ನನಗೆ ಕೆಲಸ ಕಲಿಸಿದವರು ಸುಬ್ಬರಾವ್ ಎಂಬ ಹಿರಿಯರು. ಬಣ್ಣ ನೋಡಿ ಹೆಸರು ಹೇಳಿದರೆ ಅವರಿಗೆ ಆಗುತ್ತಿರಲಿಲ್ಲ. "ರಂಗು ಚೂಡೊದ್ದು" ಎಂದು ಗದರುತ್ತಿದ್ದರು, ಬಣ್ಣ ನೋಡಬೇಡ ಎಂದು. ಹತ್ತಿಯ ಹೇನು ಸೆಕೆಯಲ್ಲಿ ಹಳದಿ, ಚಳಿಯಲ್ಲಿ ಕಡುಹಸಿರು. ಬಣ್ಣ ನಂಬಿದವರು ಒಂದನ್ನೇ ಎರಡು ಮಾಡುತ್ತಾರೆ. ರೆಕ್ಕೆಯಿಲ್ಲದ ಬೆಳೆದ ಹೆಣ್ಣನ್ನು ಆರಿಸಬೇಕು. ಅದನ್ನು ಕ್ಷಾರದ ನೀರಿನಲ್ಲಿ ಹದವಾಗಿ ಕಾಯಿಸಿದರೆ ಒಳಗಿನದೆಲ್ಲ ಕರಗಿ ಗಾಜಿನಂಥ ಚರ್ಮ ಉಳಿಯುತ್ತದೆ. ತೊಳೆದು, ಸ್ಲೈಡಿನ ಮೇಲೆ ಕಾಲು ಮೀಸೆ ಬಿಡಿಸಿ ಮಲಗಿಸಿ, ಆಮೇಲೆ ಸೂಕ್ಷ್ಮದರ್ಶಕದಲ್ಲಿ ಬೆನ್ನ ಹಿಂಭಾಗದ ಎರಡು ಕೊಳವೆ ನೋಡಬೇಕು. ಹತ್ತಿಯ ಹೇನಿಗೆ ಆ ಕೊಳವೆಗಳು ಕಪ್ಪಗೆ, ನೇರವಾಗಿ, ತುದಿಗೆ ಹೋದಂತೆ ಸಣ್ಣಗಾಗುತ್ತವೆ; ನಡುವಿನ ಬಾಲ ಅವಕ್ಕಿಂತ ತಿಳಿ ಬಣ್ಣ. ಕೊತ್ತಂಬರಿಯ ಹೇನಿಗೆ ಕೊಳವೆ ಗಿಡ್ಡ, ಬುಡದಲ್ಲಿ ಸಣ್ಣ, ಮೇಲೆ ಸ್ವಲ್ಪ ಉಬ್ಬು. ಮೈಮೇಲೆ ಹಿಟ್ಟು ಉದುರಿಸಿದಂಥ ಪುಡಿ. ಸ್ಲೈಡು ಕೆಟ್ಟರೆ ಸುಬ್ಬರಾವ್ ಬೈಯುತ್ತಿರಲಿಲ್ಲ, ಸುಮ್ಮನೆ ಇನ್ನೊಂದು ಹುಳ ಮುಂದಿಡುತ್ತಿದ್ದರು. ಅವರು ನಿವೃತ್ತರಾದ ಮೇಲೆ ಆ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದವಳು ನಾನೊಬ್ಬಳೇ.

ಅವರ ಜಾಗಕ್ಕೆ ಬಂದವರು ಚಲಪತಿ ಸಾರ್. ಕೆಟ್ಟವರು ಎಂದು ಹೇಳಲಾರೆ. ಜನರೊಂದಿಗೆ ನಗುತ್ತ ಮಾತಾಡುತ್ತಿದ್ದರು, ನನ್ನ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಕೇಳದೆಯೇ ರಜೆ ಕೊಟ್ಟರು. ಮೇಲಿನವರು ಏನು ಕೇಳಲು ಬಯಸುತ್ತಾರೋ ಅದು ಅವರಿಗೆ ಮೊದಲೇ ಗೊತ್ತಾಗುತ್ತಿತ್ತು, ಅಷ್ಟೇ. ಒಮ್ಮೆ ರಾಜಧಾನಿಯಿಂದ ಬಂದ ದೊಡ್ಡ ಅಧಿಕಾರಿಯೊಬ್ಬರು ನಮ್ಮ ಕೊತ್ತಂಬರಿ ಮಡಿಯ ಮುಂದೆ ನಿಂತು, ಎಲೆಯ ಮೇಲಿನ ಬಿಳಿ ಚೂರುಗಳನ್ನು ನೋಡಿ, "ಬೂದಿ ರೋಗ" ಎಂದರು. ಅವು ಹೇನು ಕಳಚಿ ಬಿಟ್ಟ ಪೊರೆ. ಚಲಪತಿ ಸಾರ್‌ಗೂ ಅದು ಗೊತ್ತಿತ್ತು. ಆದರೂ "ಅವುನು ಸಾರ್" ಎಂದರು, ಹೌದು ಸಾರ್ ಎಂದು. ಆ ಅಧಿಕಾರಿ ಗಂಧಕದ ಪುಡಿ ಹೊಡೆಯಲು ಹೇಳಿ ಕಾರು ಹತ್ತಿದರು. ನಾನು ಹತ್ತಿರ ಹೋಗಿ, "ಸಾರ್, ಅದು ರೋಗ ಅಲ್ಲ" ಎಂದೆ. "ದೊಡ್ಡೋರು ಹೋಗಲಿ, ಆಮೇಲೆ ನೋಡೋಣ" ಎಂದರು. ದೊಡ್ಡವರು ಹೋದರು. ಮಡಿಗೆ ಗಂಧಕ ಬಿತ್ತು. ಹೇನು ಇದ್ದಲ್ಲೇ ಇತ್ತು. ಆ ವಾರವೇ ಚಲಪತಿ ಸಾರ್ ಗೇಟಿನ ಫಲಕದಲ್ಲಿ ಕೊತ್ತಂಬರಿಯ ಬೂದಿ ರೋಗಕ್ಕೆ ಗಂಧಕ ಬಳಸಿ ಎಂದು ಬಣ್ಣದಲ್ಲಿ ಬರೆಸಿದರು. ಪೇಟೆಗೆ ಹೋಗುವ ರೈತರು ಅದನ್ನು ಓದಿಕೊಂಡೇ ಹೋಗುತ್ತಿದ್ದರು.

ಈಗ ಬಸಮ್ಮನ ವಿಷಯ.

ಆಕೆ ಆಲೂರಿನ ಹತ್ತಿರದ ಹಳ್ಳಿಯವಳು. ಒಂದು ಬೆಳಿಗ್ಗೆ ಬಸ್ಸಿಳಿದು ನೇರ ನನ್ನ ಕೋಣೆಗೆ ಬಂದು ಮೇಜಿನ ಮೇಲೆ ಎರಡು ಪ್ಲಾಸ್ಟಿಕ್ ಚೀಲ ಇಟ್ಟಳು. ಒಂದರಲ್ಲಿ ವಾಮಿನ ಹೂಗೊಂಚಲು, ಇನ್ನೊಂದರಲ್ಲಿ ಹತ್ತಿಯ ಎಲೆ. ಎರಡರಲ್ಲೂ ಹೇನು ಕಿಕ್ಕಿರಿದಿತ್ತು.

"ಮೇಡಂ, ಇವು ಯಾರ ಹುಳ ಹೇಳ್ರಿ" ಎಂದಳು.

"ಯಾರ ಹುಳ ಅಂದ್ರ?"

"ಇದು ನನ್ನ ವಾಮಿಂದು. ಇದು ನಮ್ಮ ನೆಗೆಣ್ಣಿ ಯಂಕಮ್ಮನ ಹತ್ತಿದು. ಆಕಿ ಹತ್ತಿ ಮ್ಯಾಗಿಂದ ಹಾರಿ ಬಂದು ನನ್ನ ವಾಮು ಹಾಳು ಮಾಡ್ಯಾವ. ಹೌದಂತ ಒಂದು ಮಾತು ಹೇಳ್ರಿ, ಸಾಕು."

ಬಸಮ್ಮ, ಯಂಕಮ್ಮ ಅಣ್ಣ ತಮ್ಮಂದಿರ ಹೆಂಡಿರು. ಬಸಮ್ಮ ದೊಡ್ಡವಳು, ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಯಂಕಮ್ಮನ ಮಗಳು ರೇಣುಕಾಳನ್ನು ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ಮನೆ ಒಂದೇ ಇರುವವರೆಗೆ ಆ ಹುಡುಗಿ ದೊಡ್ಡಮ್ಮನ ಪಕ್ಕದಲ್ಲೇ ಮಲಗುತ್ತಿದ್ದಳಂತೆ. ಆಮೇಲೆ ಹೊಲ ಭಾಗವಾಯಿತು, ನಡುವೆ ಬದು ಬಿತ್ತು, ಮನೆಗೆ ಗೋಡೆ ಬಿತ್ತು. ಹುಡುಗಿ ಈಚೆ ಬರುವುದು ಕಡಿಮೆಯಾಯಿತು. ಆ ವರ್ಷ ಬದುವಿನ ಒಂದು ಕಡೆ ವಾಮು, ಇನ್ನೊಂದು ಕಡೆ ಹತ್ತಿ. ಹೇನು ಬಿದ್ದಿತು, ಜಗಳ ಎದ್ದಿತು. ಊರ ಹಿರಿಯರು ಒಂದು ತೀರ್ಮಾನಕ್ಕೆ ಬಂದಿದ್ದರು: ಹುಳ ಹತ್ತಿಯಿಂದ ಬಂದದ್ದು ಖರೆಯಾದರೆ ಬದುವಿನ ಪಕ್ಕದ ಹತ್ತಿ ಸಾಲುಗಳನ್ನು ಯಂಕಮ್ಮ ಕಿತ್ತು ಹಾಕಬೇಕು. ಕಾಯಿ ಇನ್ನೂ ಒಡೆಯುವುದಿತ್ತು.

ನೋಡದೆ ಹೇಳಲು ಬರುವಂತಿರಲಿಲ್ಲ. ಹತ್ತಿಯ ಹೇನು ಸಿಕ್ಕಸಿಕ್ಕ ಗಿಡದ ಮೇಲೆ ಕೂರುವಂಥದು, ವಾಮಿನ ಮೇಲೂ ನನಗೆ ಅಪರೂಪಕ್ಕೆ ಸಿಕ್ಕಿತ್ತು. ಬಸಮ್ಮ ಹೇಳುವುದು ನಿಜವೂ ಆಗಿರಬಹುದಿತ್ತು. ಆಕೆಯನ್ನು ಕೂರಿಸಿ ಕೆಲವನ್ನು ಕಾಯಿಸಿ ಸ್ಲೈಡು ಮಾಡಿದೆ. ಮರುದಿನ ನಾನೇ ಬಸ್ಸು ಹಿಡಿದು ಹಳ್ಳಿಗೆ ಹೋಗಿ, ಹೊಲದ ನಾಲ್ಕೂ ಮೂಲೆಯಿಂದ ಹುಳ ತಂದು ಮತ್ತೆ ನೋಡಿದೆ. ವಾಮಿನ ಮೇಲಿದ್ದದ್ದು ಕೊತ್ತಂಬರಿಯ ಹೇನು. ಹತ್ತಿಯ ಮೇಲಿದ್ದದ್ದು ಹತ್ತಿಯ ಹೇನು. ಒಂದರಲ್ಲಿ ಇನ್ನೊಂದು ಬೆರೆತಿರಲಿಲ್ಲ. ಕೊತ್ತಂಬರಿಯ ಹೇನು ಹತ್ತಿಯ ಮೇಲೆ ಬದುಕುವುದೂ ಇಲ್ಲ.

ಹೊಲದಲ್ಲಿ ಇನ್ನೊಂದನ್ನೂ ಕಂಡೆ. ಹೇನಿನ ಗುಂಪುಗಳ ನಡುವೆ ಗುಲಗಂಜಿ ಹುಳದ ಮರಿಗಳು ತಿನ್ನುತ್ತ ಓಡಾಡುತ್ತಿದ್ದವು. ಎಷ್ಟೋ ಹೇನುಗಳು ಆಗಲೇ ಕಂದಾಗಿ ಊದಿಕೊಂಡು ಸತ್ತಿದ್ದವು. ಅವುಗಳ ಹೊಟ್ಟೆಯಲ್ಲಿ ಸಣ್ಣ ಕಣಜ ಮೊಟ್ಟೆಯಿಟ್ಟಿತ್ತು. ಹೂವಿನ ತುಂಬ ಜೇನು. ಇನ್ನು ಸ್ವಲ್ಪ ದಿನ ಯಾರೂ ಏನೂ ಮಾಡದೆ ಇದ್ದರೆ ಹೇನು ತಾನೇ ಇಳಿಯುತ್ತಿತ್ತು.

ಬದುವಿನ ಮೇಲೆ ನಿಂತು ಬಸಮ್ಮನಿಗೆ ಹೇಳಿದೆ. "ಇವು ಬ್ಯಾರೆ, ಅವು ಬ್ಯಾರೆ, ಬಸಮ್ಮಾ. ನಿಮ್ಮ ವಾಮಿನ ಹುಳ ವಾಮಿಂದ. ಯಂಕಮ್ಮನ ಹತ್ತಿಯಿಂದ ಬಂದಿಲ್ಲ. ಮತ್ತ ಈಗ ಏನೂ ಎಣ್ಣಿ ಹೊಡಿಬ್ಯಾಡ್ರಿ. ಜೇನು ಸತ್ರ ಕಾಳು ಕಟ್ಟೂದಿಲ್ಲ." ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಎಂದೇ ಹೆಸರು.

ಆಕೆಯ ಮುಖ ಬಾಡಿತು. "ಪಕ್ಕಾ ನೋಡಿದ್ರೇನ್ರಿ?"

"ಎರಡ ಸಲ ನೋಡೇನಿ."

"ಇನ್ನೊಮ್ಮೆ ನೋಡ್ರಿ" ಎಂದಳು. ಹತ್ತಿಯ ಕಡೆ ನೋಡಿದಳು. ಅಲ್ಲಿ ರೇಣುಕಾ ತಾಯಿಯ ಜೊತೆ ಕಳೆ ಕೀಳುತ್ತಿದ್ದಳು. ಹುಡುಗಿ ಒಮ್ಮೆ ತಲೆಯೆತ್ತಿ ದೊಡ್ಡಮ್ಮನನ್ನು ನೋಡಿ, ತಾಯಿಯನ್ನು ನೋಡಿ, ಮತ್ತೆ ತಲೆ ತಗ್ಗಿಸಿದಳು.

ಕೇಂದ್ರಕ್ಕೆ ಮರಳಿ ಚಲಪತಿ ಸಾರ್‌ಗೆ ವರದಿ ಒಪ್ಪಿಸಿದೆ. ಅವರ ಮೇಜಿನ ಪಕ್ಕ ಹೊಸ ಔಷಧದ ಡಬ್ಬಿಗಳ ಪೆಟ್ಟಿಗೆ ಇತ್ತು. ಯಾವುದೋ ಕಂಪನಿ ಹತ್ತಿಯ ಹೇನಿಗೆಂದು ಪುಕ್ಕಟೆ ಕೊಟ್ಟಿತ್ತು. ಒಂದು ಇಡೀ ಹಳ್ಳಿಯಲ್ಲಿ ಹೊಡೆಸಿ ತೋರಿಸಬೇಕಾಗಿತ್ತು. ನನ್ನ ಮಾತು ಕೇಳಿ ಅವರು ನಕ್ಕರು.

"ಗಿರಿಜಮ್ಮಾ, ಹತ್ತಿ ಹೇನು ಅಂದರೆ ಆ ಊರಿಗೆ ಔಷಧ ಕೊಡಬಹುದು. ಕೊತ್ತಂಬರಿ ಹೇನು ಅಂದರೆ ಏನು ಕೊಡೋದು? ಉಪದೇಶವಾ?"

"ಸಾರ್, ಅಲ್ಲಿ ಇಬ್ಬರು ಹೆಣ್ಣುಮಕ್ಕಳ ಜಗಳ ಇದರ ಮೇಲೆ ನಿಂತೈತಿ."

"ಹುಳ ಸತ್ತರೆ ಜಗಳವೂ ಸಾಯುತ್ತೆ" ಎಂದರು. ಅದನ್ನು ಅವರು ನಂಬಿಯೇ ಹೇಳಿದರೆಂದು ಇವತ್ತಿಗೂ ನನಗನ್ನಿಸುತ್ತದೆ.

ಸಭೆ ಹಳ್ಳಿಯ ಶಾಲೆಯ ಅಂಗಳದಲ್ಲಿ. ಜನ ನೆಲದ ಮೇಲೆ, ನಾವು ಕುರ್ಚಿಯ ಮೇಲೆ. ಚಲಪತಿ ಸಾರ್ ಎದ್ದು ನಿಂತು, ಊರಿನ ಎಲ್ಲ ಬೆಳೆಗೂ ಬಿದ್ದಿರುವುದು ಹತ್ತಿಯ ಹೇನೇ, ವಾಮಿಗೂ ಅಲ್ಲಿಂದಲೇ ಹಾರಿದೆ, ಎಲ್ಲರೂ ಒಂದೇ ದಿನ ಒಂದೇ ಔಷಧ ಹೊಡೆಯಬೇಕು ಎಂದು ತೆಲುಗಿನಲ್ಲಿ ಸೊಗಸಾಗಿ ಹೇಳಿದರು. ಯಂಕಮ್ಮ ಎದ್ದು ನಿಂತಳು.

"ನಮ್ಮ ಹತ್ತಿಯಿಂದ ಹೋಗ್ಯಾವಂತ ಯಾರ್ ನೋಡ್ಯಾರ್ರಿ?"

ನನಗೆ ಕೂರಲಾಗಲಿಲ್ಲ. ಎದ್ದು, ಎರಡು ಹೇನೂ ಬೇರೆ, ನಾನೇ ಪರೀಕ್ಷೆ ಮಾಡಿದ್ದೇನೆ, ಹತ್ತಿಯದು ವಾಮಿಗೆ ಹೋಗಿಲ್ಲ, ಹೂವಿನ ಕಾಲದಲ್ಲಿ ಔಷಧ ಬೇಡ ಎಂದು ಕನ್ನಡದಲ್ಲಿ ಹೇಳಿದೆ. ಚಲಪತಿ ಸಾರ್ ನನ್ನ ಕಡೆ ತಿರುಗದೆಯೇ, "ನುವ್ವು ಊರುಕೋಮ್ಮಾ" ಎಂದರು. ಸುಮ್ಮನಿರಮ್ಮ ಎಂದು. ಆದರೂ ನಾನು ಕೂರಲಿಲ್ಲ.

ಹಿರಿಯರಲ್ಲೊಬ್ಬರು ಕೇಳಿದರು, "ಸಾಹೇಬ್ರು ಒಂದು ಹೇಳ್ತಾರ, ನೀವೊಂದು ಹೇಳ್ತೀರಿ. ನಾವು ಯಾರ ಮಾತು ಹಿಡೀಬೇಕ್ರಿ?"

"ಬಸಮ್ಮನ್ನ ಕೇಳ್ರಿ" ಎಂದೆ. "ಹೊಲದಾಗ ನಿಂತು ಆಕಿಗೆ ಎಲ್ಲ ಹೇಳೇನಿ."

ಎಲ್ಲರೂ ಬಸಮ್ಮನ ಕಡೆ ತಿರುಗಿದರು. ಯಂಕಮ್ಮನೂ ತಿರುಗಿದಳು. "ಅಕ್ಕಾ, ಹೇಳವಾ. ಮೇಡಂ ನಿನಗೇನ್ ಹೇಳಿದ್ರು?" ಎಂದು ಕೇಳಿದಳು. ಅವಳ ದನಿಯಲ್ಲಿ ಆಗ ಸಿಟ್ಟು ಇರಲಿಲ್ಲ.

ಬಸಮ್ಮ ಸೆರಗಿನ ಅಂಚು ಹಿಡಿದು ನೆಲ ನೋಡುತ್ತ ಕೂತಳು. ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತು ಕಾದು ಆ ಹಿರಿಯರು, "ಸಾಹೇಬ್ರು ದೊಡ್ಡೋರು, ಅವರ ಮಾತ ಆಗ್ಲಿ" ಎಂದರು. ಅಲ್ಲಿಗೆ ಮುಗಿಯಿತು.

ಬದುವಿನ ಪಕ್ಕದ ಹತ್ತಿಯನ್ನು ಯಂಕಮ್ಮನ ಗಂಡನೇ ಕಿತ್ತನಂತೆ, ಹಸಿ ಕಾಯಿ ಸಮೇತ. ಔಷಧವನ್ನು ಎರಡೂ ಹೊಲಕ್ಕೆ ಹೊಡೆದರು. ಹೇನು ಸತ್ತದ್ದು ನಿಜ, ಎಲ್ಲರೂ ಹೊಗಳಿದರು. ಹೇನಿನ ಜೊತೆಗೆ ಗುಲಗಂಜಿ ಹುಳವೂ ಸತ್ತಿತು, ಜೇನೂ ಸತ್ತಿತು. ಹತ್ತಿಗೆ ಹೇನು ಮತ್ತೆ ಬಂತು, ಮೊದಲಿಗಿಂತ ದಟ್ಟವಾಗಿ. ತಿನ್ನುವವರು ಯಾರೂ ಉಳಿದಿರಲಿಲ್ಲ. ಬಸಮ್ಮನ ವಾಮಿನ ಛತ್ರಿಗಳು ಒಣಗಿ ನಿಂತವು. ಉಜ್ಜಿದರೆ ಕೈಗೆ ಹೊಟ್ಟು ಬಂತು, ಕಾಳು ಬರಲಿಲ್ಲ.

ಆಕೆ ಇನ್ನೊಮ್ಮೆ ನನ್ನ ಕೋಣೆಗೆ ಬಂದಳು. ಆ ಒಣ ಗೊಂಚಲನ್ನು ತಂದಿದ್ದಳು. ನನ್ನ ಮೇಲೆ ಸಿಟ್ಟಾಗಿದ್ದಳು.

"ನೀವು ಖರೆ ಹೇಳಿದ್ರಿ ಮೇಡಂ. ಆದ್ರ ಸಾಹೇಬ್ರು ಗಟ್ಟಿ ಹೇಳಿದ್ರು" ಎಂದಳು. ನೀನು ಯಾಕೆ ಬಾಯಿ ಬಿಡಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಗಂಡ ಮಕ್ಕಳಿಲ್ಲದ ಹೆಣ್ಣು, ಬೆಳೆಯೂ ಹೋಗಿದೆ ಎಂದು ನುಂಗಿಕೊಂಡೆ.

ಸಭೆಯಲ್ಲಿ ಎದುರು ಮಾತಾಡಿದ್ದಕ್ಕೆ ನನಗೆ ಯಾರೂ ಬೈಯಲಿಲ್ಲ. ಜಿಲ್ಲೆಯ ಇನ್ನೊಂದು ತುದಿಯ ಬೀಜದ ಗೋದಾಮಿಗೆ ವರ್ಗವಾಯಿತು. ಅಲ್ಲಿ ಚೀಲಗಳಿಗೆ ಮುದ್ರೆ ಒತ್ತಿಸುವುದು ನನ್ನ ಕೆಲಸ. ಹೊರಡುವ ದಿನ ಚಲಪತಿ ಸಾರ್ ಹಾರ ಹಾಕಿ, ನನ್ನಂಥ ಶ್ರದ್ಧೆಯವರು ಸಿಗುವುದಿಲ್ಲ ಎಂದರು. ಜನ ಚಪ್ಪಾಳೆ ತಟ್ಟಿದರು. ಸುಬ್ಬರಾವ್ ಅವರ ಸೂಕ್ಷ್ಮದರ್ಶಕ ಮುಚ್ಚಿದ ಬಟ್ಟೆಯ ಕೆಳಗೆ ಹಾಗೇ ಉಳಿಯಿತು. ನಾನು ನಿವೃತ್ತಳಾಗುವ ಮೊದಲು ಮತ್ತೆ ಆದೋನಿಗೆ ಬಂದಾಗ ಅದರ ಮಸೂರಕ್ಕೆ ಬೂಷ್ಟು ಹಿಡಿದು ಏನೂ ಕಾಣುತ್ತಿರಲಿಲ್ಲ. ರಿಪೇರಿಗೆ ಕೇಳಿದೆ. ಈಗ ಎಲ್ಲರ ಕೈಯಲ್ಲೂ ಫೋನಿದೆಯಲ್ಲ ಎಂದರು.

ಫೋನಿನ ಮೇಲೆ ನನಗೆ ಸಿಟ್ಟಿಲ್ಲ. ರೈತ ಹೊಲದಿಂದಲೇ ಫೋಟೋ ಕಳಿಸುತ್ತಾನೆ, ಫೋನು ಹೇನು ಎನ್ನುತ್ತದೆ, ಕೆಳಗೆ ಔಷಧದ ಹೆಸರು ಬರುತ್ತದೆ. ಕೊಳವೆಯ ಆಕಾರ ಆ ಫೋಟೋದಲ್ಲಿ ಕಾಣುವುದಿಲ್ಲ. ಈಚೆಗೆ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಕೊತ್ತಂಬರಿಯ ಫೋಟೋ ಕಳಿಸಿ, "ಮೇಡಂ, ಹಸಿರು ಕಾಣಸ್ತಾವ, ಯಾವ್ದು ಇರ್ಬೌದು?" ಎಂದು ಕೇಳಿದಳು. ಹುಳ ಕಳಿಸು ಎಂದೆ. ಅವಳಿಗೆ ಕಳಿಸಲು ಸೀಸೆ ಇರಲಿಲ್ಲ, ಕಾಯಿಸಲು ಕ್ಷಾರವೂ ಇರಲಿಲ್ಲ. ಕೇಳಬೇಕೆಂದು ಅವಳಿಗೆ ಅನ್ನಿಸಿತಲ್ಲ ಎಂದು ಒಂದು ದಿನ ಖುಷಿಯಾಗಿದ್ದೆ. ಮರುದಿನ ಸಂದೇಶ ಬಂತು: ಔಷಧ ಹೊಡೆಸಿಬಿಟ್ಟರು ಮೇಡಂ.

ನಿವೃತ್ತಳಾದ ಮೇಲೆ ಬಂದ ಮೊದಲ ಚಳಿಗಾಲದಲ್ಲಿ ಬಸಮ್ಮ ನನ್ನ ಮನೆ ಹುಡುಕಿಕೊಂಡು ಬಂದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕೂರುವ ಮೊದಲೇ, "ರೇಣುಕಾನ ಲಗ್ನ ಗೊತ್ತಾಗೇತಿ" ಎಂದಳು. ಆಕೆಗೆ ಕರೆ ಬಂದಿರಲಿಲ್ಲ. ಆ ಸಭೆಯ ದಿನದಿಂದ ಗೋಡೆಯ ಆಚೆಗೂ ಈಚೆಗೂ ಮಾತಿರಲಿಲ್ಲ.

"ನೀವು ಬಂದು ಯಂಕಮ್ಮಗ ಹೇಳ್ರಿ. ಹುಳ ಆಕಿ ಹತ್ತಿದಲ್ಲ, ನನ್ನ ವಾಮಿಂದ ಅಂತ ಹೇಳ್ರಿ. ಈಗ ನಾನೂ ಹೌದು ಅಂತೇನಿ. ಆ ಸಾಹೇಬ್ರೂ ಇಲ್ಲ ಈಗ."

ಹೋದೆ. ಯಾಕೆ ಹೋದೆನೆಂದರೆ, ನನ್ನ ಕೆಲಸ ಯಾರಿಗಾದರೂ ಒಮ್ಮೆ ಉಪಯೋಗಕ್ಕೆ ಬಂದದ್ದನ್ನು ನೋಡುವ ಆಸೆ ಇನ್ನೂ ಇತ್ತು.

ಯಂಕಮ್ಮನ ಅಂಗಳದಲ್ಲಿ ಹೆಂಗಸರು ಅಕ್ಕಿ ಹಸನು ಮಾಡುತ್ತಿದ್ದರು. ಅವಳು ನಮ್ಮಿಬ್ಬರನ್ನೂ ನೋಡಿ ಎದ್ದು ಬಂದಳು, ಚಾಪೆ ಹಾಸಿದಳು. ನಾನು ಹೇಳಬೇಕಾದದ್ದನ್ನು ಹೇಳಿದೆ. ಎರಡು ಹೇನು ಬೇರೆ ಬೇರೆ ಎಂದೆ, ಬಸಮ್ಮನಿಗೂ ಅದು ಗೊತ್ತು ಎಂದೆ. ಬಸಮ್ಮ ಅಳುತ್ತ, "ಹೌದವಾ, ನನ್ನ ವಾಮಿಂದ ಹುಳ" ಎಂದಳು.

ಯಂಕಮ್ಮ ಎಲ್ಲ ಕೇಳಿಸಿಕೊಂಡಳು. ಆಮೇಲೆ ನನ್ನನ್ನು ನೋಡಿ ಹೇಳಿದಳು, "ಮೇಡಂ, ಹುಳದ ಮಾತು ನಾ ಅವತ್ತ ನಂಬಿದ್ದೆ. ನೀವು ಹೇಳಿದ ಕೂಡ್ಲೆ ನಂಬಿದ್ದೆ. ನಾ ಕೇಳಿದ್ದು ನಿಮ್ಮನ್ನಲ್ಲ."

ಒಳಗೆ ಹೋಗಿ ಎರಡು ಲೋಟ ನೀರು ತಂದಳು. ನನಗೊಂದು ಕೊಟ್ಟಳು. ಇನ್ನೊಂದನ್ನು ಬಸಮ್ಮನ ಮುಂದೆ ಹಿಡಿದು, "ತಗೋರಿ, ಕುಡೀರಿ. ಲಗ್ನಕ್ಕ ಬರ್ರಿ" ಎಂದಳು.

ಬಸಮ್ಮ ಲೋಟ ಹಿಡಿದುಕೊಂಡಳು. ಒಂದು ಗುಟುಕು ಕುಡಿದು ಕೆಳಗಿಟ್ಟಳು. ರೇಣುಕಾ ಬಾಗಿಲ ಬಳಿ ಬಂದು ನಿಂತಿದ್ದಳು. ತಾಯಿ ಕರೆದ ಕೂಡಲೇ ಒಳಗೆ ಹೋದಳು.

ಬಸಮ್ಮ ತನ್ನ ಮನೆಯ ಕಡೆ ತಿರುಗಲಿಲ್ಲ. ನನ್ನನ್ನು ಬಸ್ಸು ಹತ್ತಿಸುತ್ತೇನೆ ಎಂದು ಆಲೂರಿನವರೆಗೆ ಆಟೋದಲ್ಲಿ ಜೊತೆಗೆ ಬಂದಳು. ದಾರಿಯುದ್ದಕ್ಕೂ ಎರಡೂ ಕಡೆ ಹತ್ತಿ ಒಡೆದು ನಿಂತಿತ್ತು. ಬಸ್ ನಿಲ್ದಾಣದ ಹತ್ತಿರ ಇಳಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

"ಹೊರಗಿನೋರಿಗೆ ಅಂದಂಗ ನನಗ ಬರ್ರಿ ಅಂದ್ಲು ನೋಡ್ರಿ. ಅಕ್ಕ ಅನ್ನಲಿಲ್ಲ. ಬೈದಿದ್ರ ಚಲೋ ಇತ್ತು."